ಬನಿಯನ್ ಮೀಮಾಂಸೆ

ವಸ್ತುವೊಂದರ ಹುಟ್ಟಿನಿಂದ ಸಾವಿನವರೆಗಿನ ಪರಿಸರ ಲೆಕ್ಕ ಬರೆಯುವುದು ಹೇಗೆಂದು ಐಎಸ್‌ಒ 14040 ಎಂಬ ಅಂತರರಾಷ್ಟ್ರೀಯ ಮಾನಕ ವಿಧಿಸುತ್ತದೆ. ಅದರ 2006ರ ಆವೃತ್ತಿಯನ್ನು ಜಾಲಾಡಿದರೂ ‘ಒರೆಸೋ ಬಟ್ಟೆ’ಯ ಪ್ರಸ್ತಾಪ ಸಿಗದು. ಜ್ಞಾನಲೋಕದ ಈ ತೂತಿಗೆ ತೇಪೆ ಹಾಕುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಅಧ್ಯಯನಕ್ಕೆ ಆಯ್ದ ವಸ್ತು: ಗಂಡಸರ ಬಿಳಿ ಬನಿಯನ್, ತೋಳಿಲ್ಲದ್ದು, ಅಪ್ಪಟ ಹತ್ತಿಯದು.

ಬನಿಯನ್ನಿನ ಪೂರ್ವಾಶ್ರಮದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಮತವಿಲ್ಲ. ಅದು ಹೊಲದಲ್ಲಿ ಹುಟ್ಟಿ, ಗಿರಣಿಯಲ್ಲಿ ನೂಲಾಗಿ, ತಿರುಪ್ಪೂರಿನಂಥ ಊರಿನಲ್ಲಿ ಆಕಾರ ಪಡೆಯುತ್ತದೆ. ಅಲ್ಲಿನ ಬಣ್ಣ ಹಾಕುವ, ಬಿಳುಪು ಮಾಡುವ ಘಟಕಗಳ ಕೊಳೆನೀರು ನೊಯ್ಯಲ್ ನದಿಯನ್ನು ಎಂಥ ಗತಿಗೆ ತಂದಿತೆಂದರೆ, 2011ರಲ್ಲಿ ಮದ್ರಾಸ್ ಹೈಕೋರ್ಟು ಆ ಘಟಕಗಳಿಗೆ ಬೀಗ ಹಾಕಿಸಬೇಕಾಯಿತು. ಒಂದು ಹತ್ತಿ ಟಿ-ಶರ್ಟಿಗೆ ಸುಮಾರು 2,700 ಲೀಟರ್ ನೀರು ಖರ್ಚೆಂಬ ಅಂದಾಜು ಬಳಕೆಯಲ್ಲಿದೆ. ತೋಳಿಲ್ಲದ ಕಾರಣಕ್ಕೆ ಬನಿಯನ್ನಿಗೆ ಎಷ್ಟು ರಿಯಾಯಿತಿ ಎಂಬುದು ಚರ್ಚಾಸ್ಪದ. ಅಂತೂ ಮೈಗೇರುವ ಮೊದಲೇ ಅದು ಸಾಲಗಾರ. ಆ ಸಾಲ ತೀರಿಸಲು ಎಷ್ಟು ಕಾಲ ದುಡಿಯಬೇಕು?

ಧಾರಣ ಹಂತದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಒಗೆಯುವ ಕಲ್ಲು, ನೀಲಿ, ಬಿಸಿಲು. ಕ್ರಮೇಣ ಕೊರಳು ಜೋಲುತ್ತದೆ, ಬೆನ್ನು ಜಾಲರಿಯಾಗುತ್ತದೆ.

ಇಲ್ಲಿ ಶಾಸ್ತ್ರದ ಕಗ್ಗಂಟು ಎದುರಾಗುತ್ತದೆ: ಬನಿಯನ್ ಯಾವ ಕ್ಷಣದಲ್ಲಿ ಬನಿಯನ್ ಅಲ್ಲದಾಗುತ್ತದೆ? ತೂತು ಬಿದ್ದಾಗ ಎಂಬುದು ಪೂರ್ವಪಕ್ಷ. ಇದು ನಿಲ್ಲದ ವಾದ. ‘ಅಂಗಿ ಒಳಗೆ ಯಾರು ನೋಡ್ತಾರೆ’ ಎಂಬ ಪ್ರಮಾಣವಾಕ್ಯದ ಬಲದಿಂದ ತೂತಿನ ನಂತರವೂ ವರ್ಷಗಟ್ಟಲೆ ಬಾಳಿದ ಬನಿಯನ್ನುಗಳು ಮನೆಮನೆಯಲ್ಲೂ ಇವೆ. ಬಟ್ಟೆಗಿಂತ ತೂತೇ ಹೆಚ್ಚಾದಾಗ ಎಂದು ಇನ್ನೊಂದು ಪಂಥ. ಸಿದ್ಧಾಂತವೇ ಬೇರೆ: ಸ್ಥಿತ್ಯಂತರಕ್ಕೂ ತೂತಿಗೂ ಸಂಬಂಧವಿಲ್ಲ, ಅದು ಯಜಮಾನರು ಬಚ್ಚಲಲ್ಲಿದ್ದಾಗ ನಡೆಯುತ್ತದೆ.

‘ಲೇ, ನನ್ನ ಬನಿಯನ್ ಎಲ್ಲೇ?’

‘ಅಯ್ಯೋ, ಅದರಲ್ಲಿ ಆಗಲೇ ಒಲೆಕಟ್ಟೆ ಒರೆಸಿದೆನಲ್ರೀ.’

ಮೇಲ್ಮನವಿಗೆ ಅವಕಾಶವಿಲ್ಲ.

ಉತ್ತರಾರ್ಧವೇ ಈ ವಸ್ತುವಿನ ಕರ್ಮಭೂಮಿ. ಮೊದಲು ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ, ಅನಂತರ ನೆಲ, ಅನಂತರ ಸ್ಕೂಟರು. ದೇವರಮನೆಗೆ ಮಾತ್ರ ಪ್ರವೇಶ ನಿಷಿದ್ಧ. ಮಡಿಯ ವಿಷಯದಲ್ಲಿ ಬನಿಯನ್ನಿನ ಗತಚರಿತ್ರೆಯನ್ನು ಯಾರೂ ಕ್ಷಮಿಸಿದ್ದಿಲ್ಲ. ಈ ಕ್ರಮ ಹಿಂದುಮುಂದಾಗದು. ಸ್ಕೂಟರು ಒರೆಸಿದ್ದು ಅಡುಗೆಮನೆಗೆ ಮರಳಿದರೆ ಉಷ್ಣಗತಿಶಾಸ್ತ್ರದ ಎರಡನೆಯ ನಿಯಮದ ಜೊತೆಗೆ ಅತ್ತೆಯವರ ಮೊದಲನೆಯ ನಿಯಮವೂ ಮುರಿದಂತೆ. ಕೊನೆಗೆ ಹಳ್ಳಿಯಲ್ಲಾದರೆ ಹೊಲದ ಬೆರ್ಚಪ್ಪನ ಮೈಗೋ ಹಂಡೆಯ ಒಲೆಗೋ ಸಲ್ಲುತ್ತದೆ. ವಿಶೇಷವೆಂದರೆ, ಬನಿಯನ್ ತನ್ನ ಜೀವಮಾನದಲ್ಲಿ ಬಯಲಿಗೆ ಬಂದು ಎದೆಯುಬ್ಬಿಸಿ ನಿಲ್ಲುವುದು ಬೆರ್ಚಪ್ಪನ ಮೇಲೆಯೇ.

ಈ ಪರಂಪರೆಗೆ ಈಗ ಪಾಲಿಯೆಸ್ಟರ್ ಒಳಅಂಗಿಯಿಂದ ಗಂಡಾಂತರ ಒದಗಿದೆ. ಸಾಧಾರಣ ತೇವದ ಗಾಳಿಯಲ್ಲಿ ಹತ್ತಿ ತನ್ನ ತೂಕದ ಸುಮಾರು ಶೇ. 8ರಷ್ಟು ನೀರನ್ನು ಹಿಡಿದಿಟ್ಟುಕೊಂಡರೆ, ಪಾಲಿಯೆಸ್ಟರ್ ಹಿಡಿಯುವುದು ಶೇ. 0.4ರಷ್ಟು. ಅದರಿಂದ ನೆಲ ಒರೆಸಿದರೆ ನೀರಿಗೆ ವರ್ಗಾವಣೆಯಾಗುತ್ತದೆ, ನಿವೃತ್ತಿಯಾಗುವುದಿಲ್ಲ. ಒಲೆಗೆ ಹಾಕಿದರೆ ಕರಗಿ ನಾರುತ್ತದೆ. ಬೆರ್ಚಪ್ಪನಿಗೆ ತೊಡಿಸಿದರೆ ಬೆರ್ಚಪ್ಪ ಗೆದ್ದಲು ಹಿಡಿದು ಹೋದ ಮೇಲೂ ಉಳಿಯುತ್ತದೆ. ಪೂರ್ವಾರ್ಧ ಮಾತ್ರವಿರುವ ಇಂಥ ವಸ್ತುವಿಗೆ ಜೀವನಚಕ್ರ ಎನ್ನುವುದು ಹೇಗೆ? ಚಕ್ರ ಅಲ್ಲೇ ಪಂಕ್ಚರ್.

ಆದ್ದರಿಂದ ನಮ್ಮ ಶಿಫಾರಸು: ವಿನ್ಯಾಸಕರು ನೆಲದಿಂದ ಶುರುಮಾಡಿ ಮೈಯತ್ತ ಬರಬೇಕು. ಮೊದಲು ಒಳ್ಳೆಯ ನೆಲ ಒರೆಸುವ ಬಟ್ಟೆಯೊಂದನ್ನು ರೂಪಿಸಿ, ಆಮೇಲೆ ಅದಕ್ಕೆ ಕತ್ತಿಗೊಂದು, ಕೈಗೆರಡು ಕಂಡಿ ಬಿಡತಕ್ಕದ್ದು. ಲೇಬಲ್ಲಿನ ಮೇಲೆ ಎದೆಯಳತೆಯ ಪಕ್ಕದಲ್ಲೇ ಒಂದು ಸಲಕ್ಕೆ ಎಷ್ಟು ಚದರಡಿ ಒರೆಸಬಲ್ಲದೆಂದೂ ಮುದ್ರಿಸತಕ್ಕದ್ದು. ಕ್ಷೇತ್ರಕಾರ್ಯ ಜಾರಿಯಲ್ಲಿದೆ. 90 ಸೆಂ.ಮೀ. ಎದೆಯಳತೆಯ ಮಾದರಿಯೊಂದನ್ನು ಮುಂದಿನ ಹಂತದ ಪರೀಕ್ಷೆಗೆ ಗೊತ್ತುಮಾಡಿದ್ದಾಗಿದೆ. ಅದನ್ನು ತೊಟ್ಟುಕೊಂಡು ಪೇಪರ್ ಓದುತ್ತ ಕೂತವರಿಗೆ ಇನ್ನೂ ತಿಳಿಸಿಲ್ಲ.