ನೆಲದಲ್ಲುಳಿಯುವ ಅರ್ಧ ವಿಮಾನ

ರೇಡಿಯೊ ನಿಯಂತ್ರಿತ ಮಾದರಿ ವಿಮಾನದ ಅರ್ಧ ಭಾಗ ಆಕಾಶಕ್ಕೆ ಹೋಗುತ್ತದೆ, ಉಳಿದರ್ಧ ಹಾರಿಸುವವನ ಕೈಯಲ್ಲಿರುತ್ತದೆ. ಮೇಲೆ ಹೋದದ್ದು ಹೋದ ಹಾಗೆಯೇ ವಾಪಸು ಬರುತ್ತದೆ ಎಂಬ ಖಾತ್ರಿಯಿಲ್ಲ. ಬಾಲ್ಸಾ ಮರದಿಂದ ಮಾಡಿರಲಿ, ಥರ್ಮೊಕೋಲಿನಿಂದ ಮಾಡಿರಲಿ, ನೆಲ ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಕೈಯಲ್ಲಿದ್ದ ಟ್ರಾನ್ಸ್‌ಮಿಟರಿಗೆ ಮಾತ್ರ ಒಂದು ಗೀರೂ ಬೀಳದು. ಸಾಲುಸಾಲಾಗಿ ವಿಮಾನಗಳ ಅಂತ್ಯ ಕಂಡು, ತಾನು ಸುಖವಾಗಿ ಚೀಲ ಸೇರುವ ಪೆಟ್ಟಿಗೆ ಅದು. ಆದರೂ ಹೊಸಬರು ದುಡ್ಡನ್ನೆಲ್ಲ ವಿಮಾನಕ್ಕೆ ಸುರಿದು, ಮಿಕ್ಕ ಚಿಲ್ಲರೆಯಲ್ಲಿ ಟ್ರಾನ್ಸ್‌ಮಿಟರ್ ಹುಡುಕುವುದು ವಾಡಿಕೆ.

ಅಂಗಡಿಯವನು ಮೊದಲು ಹೇಳುವುದು ಚಾನೆಲ್ಲುಗಳ ಲೆಕ್ಕ. ಒಂದು ಚಾನೆಲ್ ಎಂದರೆ ದೂರದಿಂದ ಮಾಡಿಸಬಹುದಾದ ಒಂದು ಕೆಲಸ. 1950ರ ದಶಕದ ಅನೇಕ ವಿಮಾನಗಳಿಗೆ ಇದ್ದದ್ದು ಒಂದೇ ಚಾನೆಲ್, ಪೈಲಟನ ಕೈಯಲ್ಲಿ ಒಂದೇ ಗುಂಡಿ. ವಿಮಾನದೊಳಗೆ ಹುರಿಮಾಡಿದ ರಬ್ಬರಿನ ಬಲದಿಂದ ಓಡುವ ಎಸ್ಕೇಪ್‌ಮೆಂಟ್ ಎಂಬ ಸಾಧನ ರಡ್ಡರನ್ನು ತಿರುಗಿಸುತ್ತಿತ್ತು. ಅದರ ಸರಳ ಮಾದರಿಯಲ್ಲಿ ಗುಂಡಿ ಒತ್ತಿದರೆ ಒಮ್ಮೆ ಎಡ, ಬಿಟ್ಟು ಮತ್ತೆ ಒತ್ತಿದರೆ ಬಲ. ಕಳೆದ ಸಲ ಯಾವ ಕಡೆಗೆ ತಿರುಗಿತ್ತು ಎಂಬುದು ಮರೆತರೆ, ಮುಂದಿನ ತಿರುವು ಯಾವ ಕಡೆಗೆ ಎಂಬುದು ವಿಮಾನಕ್ಕಷ್ಟೇ ಗೊತ್ತು. ಇಂದು ಎಂಜಿನ್ನಿಗೆ ಥ್ರಾಟಲ್, ಮೂತಿ ಎತ್ತಲು ಇಳಿಸಲು ಎಲಿವೇಟರ್, ಹೊರಳಲು ಐಲೆರಾನ್, ಬಾಲ ತಿರುಗಿಸಲು ರಡ್ಡರ್ ಎಂದು ನಾಲ್ಕು ಚಾನೆಲ್ ಇದ್ದರೆ ಸಾಮಾನ್ಯ ವಿಮಾನ ಪೂರ್ತಿ ಹಿಡಿತಕ್ಕೆ ಬರುತ್ತದೆ. ಫ್ಲ್ಯಾಪು, ಮಡಚುವ ಚಕ್ರ ಬೇಕೆನ್ನುವವರಿಗೆ ಆರು ಸಾಕು. ಆದರೆ ಹದಿನಾರು ಚಾನೆಲ್ಲಿನ ಪೆಟ್ಟಿಗೆ ಹಿಡಿದು ಮೂರು ಚಾನೆಲ್ಲಿನ ಗ್ಲೈಡರ್ ಹಾರಿಸುವವರು ಪ್ರತಿ ಮೈದಾನದಲ್ಲೂ ಒಬ್ಬರಾದರೂ ಸಿಗುತ್ತಾರೆ. ಅವರ ಗ್ಲೈಡರ್ ಉಳಿದವರ ಗ್ಲೈಡರಿಗಿಂತ ಹೆಚ್ಚು ಹೊತ್ತೇನೂ ತೇಲುವುದಿಲ್ಲ.

ಚಾನೆಲ್ಲಿಗಿಂತ ದೊಡ್ಡ ತಕರಾರು ಮೋಡ್‌ನದು. ಪೆಟ್ಟಿಗೆಯ ಮೇಲೆ ಎರಡು ಸ್ಟಿಕ್ಕುಗಳು. ನಾಲ್ಕು ಕೆಲಸಗಳನ್ನು ಅವುಗಳಿಗೆ ಹೇಗೆ ಹಂಚಬೇಕು ಎಂಬುದರಲ್ಲಿ ಜಗತ್ತು ಒಮ್ಮತಕ್ಕೆ ಬಂದಿಲ್ಲ. ಮೋಡ್ 2ರಲ್ಲಿ ಥ್ರಾಟಲ್ ಮತ್ತು ರಡ್ಡರ್ ಎಡಗೈಗೆ, ಎಲಿವೇಟರ್ ಮತ್ತು ಐಲೆರಾನ್ ಬಲಗೈಗೆ. ಮೋಡ್ 1ರಲ್ಲಿ ಥ್ರಾಟಲ್ ಬಲಕ್ಕೂ ಎಲಿವೇಟರ್ ಎಡಕ್ಕೂ ಜಾಗ ಬದಲಿಸುತ್ತವೆ. ಅಮೆರಿಕದಲ್ಲಿ ಮೋಡ್ 2 ರೂಢಿ, ಜಪಾನಿನಲ್ಲಿ ಮೋಡ್ 1ಕ್ಕೆ ಅಭಿಮಾನಿಗಳು ಹೆಚ್ಚು. ಮೋಡ್ 2ರವರ ವಾದ: ಬಲಗೈ ಸ್ಟಿಕ್ಕು ನಿಜ ವಿಮಾನದ ಜಾಯ್‌ಸ್ಟಿಕ್ಕಿನಂತೆಯೇ ನಡೆದುಕೊಳ್ಳುತ್ತದೆ. ಮೋಡ್ 1ರವರ ವಾದ: ಎಲಿವೇಟರ್ ಮತ್ತು ಐಲೆರಾನ್ ಬೇರೆ ಬೇರೆ ಕೈಯಲ್ಲಿದ್ದರೆ ಒಂದನ್ನು ತಳ್ಳುವಾಗ ಇನ್ನೊಂದು ಅರಿಯದೆ ಅಲುಗುವುದಿಲ್ಲ. ಎರಡೂ ಸರಿಯೇ. ಎರಡೂ ಕಡೆಯವರು ಜಾಗತಿಕ ಚಾಂಪಿಯನ್ನರ ಹೆಸರು ಹೇಳಬಲ್ಲರು, ಆದ್ದರಿಂದ ವಾದಕ್ಕೆ ಕೊನೆಯಿಲ್ಲ.

ಕೊಳ್ಳುವವನಿಗೆ ಈ ವಾದದ ಗೆಲುವು ಸೋಲು ಮುಖ್ಯವಲ್ಲ. ಕಲಿಸುವವರು ಯಾವ ಮೋಡಿನವರು ಎಂಬುದು ಮುಖ್ಯ. ಹೊಸಬನ ವಿಮಾನ ತಲೆಕೆಳಗಾದ ಕ್ಷಣ ಅವನು ಮಾಡುವ ಮೊದಲ ಕೆಲಸ “ಅಣ್ಣಾ, ಹಿಡ್ಕೊಳ್ಳಿ” ಎಂದು ಪೆಟ್ಟಿಗೆಯನ್ನು ಪಕ್ಕದವರ ಕೈಗೆ ತುರುಕುವುದು. ಆ ಅಣ್ಣನ ಬೆರಳಿಗೆ ಬೇರೆ ಮೋಡ್ ರೂಢಿಯಾಗಿದ್ದರೆ, ಅವರು ಮೂತಿ ಎತ್ತಲು ಹೋಗಿ ಎಂಜಿನ್ ನಿಲ್ಲಿಸುತ್ತಾರೆ. ತರಬೇತಿ ತಂತಿ ಹಾಕಿ ಎರಡು ಟ್ರಾನ್ಸ್‌ಮಿಟರುಗಳನ್ನು ಜೋಡಿಸುವ ಏರ್ಪಾಡು ಇದ್ದರೆ ಪೆಟ್ಟಿಗೆ ಕೈ ಬದಲಾಯಿಸಬೇಕಾಗಿಲ್ಲ, ಗುರು ಒಂದು ಸ್ವಿಚ್ ಬಿಟ್ಟರೆ ಹಿಡಿತ ಅವನದಾಗುತ್ತದೆ. ಭಾರತದ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮೋಡ್ 2. ಮುಂದೆ ಬದಲಿಸಬೇಕೆಂದರೆ ಹೆಚ್ಚಿನ ಪೆಟ್ಟಿಗೆಗಳಲ್ಲಿ ಹಿಂದಿನ ಮುಚ್ಚಳ ಬಿಚ್ಚಿ ಸ್ಪ್ರಿಂಗ್ ಜಾಗ ಬದಲಾಯಿಸಬೇಕು: ಥ್ರಾಟಲ್ ಸ್ಟಿಕ್ಕು ಬಿಟ್ಟಲ್ಲೇ ನಿಲ್ಲುತ್ತದೆ, ಉಳಿದವು ಬಿಟ್ಟೊಡನೆ ನಡುವಿಗೆ ಮರಳುತ್ತವೆ. ಸ್ಪ್ರಿಂಗ್ ಬದಲಿಸಲು ಕೆಲವು ನಿಮಿಷ ಸಾಕು, ಬೆರಳಿನ ಅಭ್ಯಾಸ ಬದಲಿಸಲು ಕೆಲವು ವಿಮಾನ ಬೇಕು.

ಹಳೆಯ ಕಾಲದವರಿಗೆ ಆವರ್ತನದ ಚಿಂತೆಯೂ ಇತ್ತು. ಬ್ರಿಟನ್ನಿನಲ್ಲಿ 35 ಮೆಗಾಹರ್ಟ್ಸ್, ಅಮೆರಿಕದಲ್ಲಿ 72 ಮೆಗಾಹರ್ಟ್ಸ್ ಪಟ್ಟಿಯನ್ನು ಮಾದರಿ ವಿಮಾನಗಳಿಗೆ ಬಿಟ್ಟುಕೊಟ್ಟಿದ್ದರು. ಅದರೊಳಗೆ ಯಾರು ಯಾವ ಚಾನೆಲ್ಲಿನಲ್ಲಿ (ಇಲ್ಲಿ ಚಾನೆಲ್ ಎಂದರೆ ಕೆಲಸವಲ್ಲ, ಆವರ್ತನದ ಒಂದು ತುಂಡು) ಇರಬೇಕೆಂದು ಒಂದು ಪುಟ್ಟ ಕ್ರಿಸ್ಟಲ್ ನಿರ್ಧರಿಸುತ್ತಿತ್ತು. ಇಬ್ಬರ ಕ್ರಿಸ್ಟಲ್ ಒಂದೇ ಆಗಿ, ಇಬ್ಬರೂ ಸ್ವಿಚ್ ಹಾಕಿದರೆ, ಹಾರುತ್ತಿದ್ದ ವಿಮಾನ ಯಾರ ಮಾತೂ ಕೇಳುತ್ತಿರಲಿಲ್ಲ. ಅದಕ್ಕೆಂದೇ ಕ್ಲಬ್ಬುಗಳಲ್ಲಿ ಒಂದು ಹಲಗೆ, ಅದರ ಮೇಲೆ ಚಾನೆಲ್ ಸಂಖ್ಯೆ ಬರೆದ ಕ್ಲಿಪ್ಪುಗಳು. ಕ್ಲಿಪ್ಪು ತನ್ನ ಬಳಿ ಇಲ್ಲದವನು ಸ್ವಿಚ್ ಮುಟ್ಟುವಂತಿರಲಿಲ್ಲ. ಮೀಟರಿಗೂ ಉದ್ದದ ಆಂಟೆನಾ ಎಳೆದು ನಿಂತ ಪೈಲಟ್‌ಗಳ ಸಾಲು ಗಾಳ ಹಾಕಿ ಕೂತ ಮೀನುಗಾರರ ಸಾಲಿನಂತೆ ಕಾಣುತ್ತಿತ್ತು.

2005ರಲ್ಲಿ ಸ್ಪೆಕ್ಟ್ರಮ್ ಕಂಪನಿಯ ಡಿಎಕ್ಸ್6 ಟ್ರಾನ್ಸ್‌ಮಿಟರ್ ಬಂದದ್ದೇ ಈ ಹಲಗೆಗಳಿಗೆ ಗೆದ್ದಲು ಹಿಡಿಯಲು ಆರಂಭವಾಯಿತು. 2.4 ಗಿಗಾಹರ್ಟ್ಸ್‌ನ ಇಂಥ ಪೆಟ್ಟಿಗೆಗಳು ಖಾಲಿ ಜಾಗವನ್ನು ತಾವೇ ಹುಡುಕಿಕೊಳ್ಳುತ್ತವೆ. ಇಂದಿನ ಹೆಚ್ಚಿನವು ಸೆಕೆಂಡಿಗೆ ಹಲವು ಸಲ ಒಂದು ಆವರ್ತನದಿಂದ ಇನ್ನೊಂದಕ್ಕೆ ಹಾರುತ್ತಲೇ ಇರುತ್ತವೆ. ತರಂಗದ ಉದ್ದ ಸುಮಾರು 12.5 ಸೆಂಟಿಮೀಟರ್ ಆದ್ದರಿಂದ ವಿಮಾನದೊಳಗೆ ಸಂಕೇತ ಹಿಡಿಯುವ ರಿಸೀವರಿನ ಆಂಟೆನಾ ಮೂರು ಸೆಂಟಿಮೀಟರಿನಷ್ಟು ತಂತಿಗೆ ಇಳಿಯಿತು. ನಷ್ಟವಾದದ್ದು ಒಂದೇ. ವಿಮಾನ ಬಿದ್ದಾಗಲೆಲ್ಲ “ಯಾರೋ ನನ್ನ ಚಾನೆಲ್ಲಿನಲ್ಲಿ ಸ್ವಿಚ್ ಹಾಕಿದರು” ಎಂದು ಹೇಳುವ ಅನುಕೂಲ ತಪ್ಪಿಹೋಯಿತು. ಸೆಕೆಂಡ್‌ಹ್ಯಾಂಡಿನಲ್ಲಿ 35 ಅಥವಾ 72ರ ಹಳೆಯ ಪೆಟ್ಟಿಗೆ ಅಗ್ಗಕ್ಕೆ ಬಂದರೆ ಷೋಕೇಸಿಗೆ ಕೊಳ್ಳಬಹುದು, ಹಾರಿಸಲು ಬೇಡ.

ಎಲ್ಲರೂ 2.4ಕ್ಕೆ ಬಂದರೂ ಎಲ್ಲರ ಭಾಷೆ ಒಂದಾಗಲಿಲ್ಲ. ಫುಟಾಬಾದ ಫಾಸ್ಟ್, ಸ್ಪೆಕ್ಟ್ರಮ್‌ನ ಡಿಎಸ್‌ಎಂಎಕ್ಸ್, ಫ್ಲೈಸ್ಕೈಯ ಎಎಫ್‌ಎಚ್‌ಡಿಎಸ್ 2ಎ ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಒಬ್ಬರ ಟ್ರಾನ್ಸ್‌ಮಿಟರಿಗೆ ಇನ್ನೊಬ್ಬರ ರಿಸೀವರ್ ಬೈಂಡ್ ಆಗುವುದಿಲ್ಲ, ಅಂದರೆ ಜೊತೆಗೂಡುವುದಿಲ್ಲ. ಕೊಳ್ಳುವವರು ಮರೆಯುವ ಲೆಕ್ಕ ಇಲ್ಲಿದೆ. ಟ್ರಾನ್ಸ್‌ಮಿಟರನ್ನು ಒಮ್ಮೆ ಕೊಂಡರಾಯಿತು, ರಿಸೀವರನ್ನು ಪ್ರತಿ ವಿಮಾನಕ್ಕೂ ಕೊಳ್ಳಬೇಕು. ಆದ್ದರಿಂದ ಪೆಟ್ಟಿಗೆಯ ಬೆಲೆಗಿಂತ ಮೊದಲು ಅದರ ರಿಸೀವರಿನ ಬೆಲೆ ಕೇಳುವವನು ಜಾಣ. ಹಲವು ಕಂಪನಿಗಳ ಭಾಷೆ ಮಾತಾಡುವ ಬಹುಭಾಷಾ ಮಾಡ್ಯೂಲಿರುವ ರೇಡಿಯೊಮಾಸ್ಟರ್‌ನಂಥ ಪೆಟ್ಟಿಗೆಗಳು ಈ ಕಷ್ಟವನ್ನು ಬಹಳ ಮಟ್ಟಿಗೆ ಇಳಿಸಿವೆ. ಅವುಗಳಲ್ಲಿ ಓಡುವ ಎಡ್ಜ್‌ಟಿಎಕ್ಸ್ ಮುಕ್ತ ತಂತ್ರಾಂಶ, ಅದರಲ್ಲಿ ಆಗದ್ದಿಲ್ಲ. ಆದರೆ ಆಗುವುದು ಯಾವ ಮೆನುವಿನಲ್ಲಿ ಎಂದು ಹುಡುಕುತ್ತ ಕೂತು ಗಾಳಿ ತಣ್ಣಗಿದ್ದ ಬೆಳಗೆಲ್ಲ ಕಳೆದುಕೊಂಡವರುಂಟು. ಎಂಜಿನಿಯರಿಂಗ್ ಕಾಲೇಜಿನ ಹುಡುಗರಿಗೆ ಇದು ಹಾರಾಟಕ್ಕಿಂತ ರುಚಿಯಾದ ಆಟ.

ಹೊಸಬರಿಗೆ ನಿಜಕ್ಕೂ ಬೇಕಾದ ಸೌಲಭ್ಯಗಳು ಕೆಲವೇ. ಸ್ಟಿಕ್ಕಿನ ನಡುಭಾಗವನ್ನು ಮೃದುವಾಗಿಸುವ ಎಕ್ಸ್‌ಪೊ, ರಡ್ಡರ್, ಐಲೆರಾನ್‌ಗಳನ್ನು ಅಲುಗಿಸುವ ಪುಟ್ಟ ಮೋಟಾರಾದ ಸರ್ವೊ ತಿರುಗುವ ಅಳತೆಯನ್ನು ಕುಗ್ಗಿಸುವ ಡ್ಯುಯೆಲ್ ರೇಟ್, ಬಾಲವಿಲ್ಲದ ಡೆಲ್ಟಾ ವಿಮಾನಗಳಿಗೆ ಎಲಿವೇಟರ್ ಮತ್ತು ಐಲೆರಾನ್ ಕೆಲಸಗಳನ್ನು ಬೆರೆಸುವ ಎಲಿವಾನ್ ಮಿಕ್ಸ್. ಫ್ಲೈಸ್ಕೈಯ ಎಫ್‌ಎಸ್-ಐ6 ಆರು ಚಾನೆಲ್, 20 ವಿಮಾನಗಳ ನೆನಪು, ನಾಲ್ಕು ಪೆನ್ಸಿಲ್ ಸೆಲ್ಲುಗಳಲ್ಲಿ ಇಷ್ಟನ್ನೂ ಕೊಡುತ್ತದೆ. ಅದೇ ಕಂಪನಿಯ ಹಳೆಯ ಸಿಟಿ6ಬಿಯಲ್ಲಿ ಪರದೆಯೇ ಇಲ್ಲ. ಸೆಟ್ಟಿಂಗ್ ಬದಲಿಸಲು ಲ್ಯಾಪ್‌ಟಾಪು ಬೇಕು, ಬಿಸಿಲಲ್ಲಿ ಅದರ ಪರದೆ ಕಾಣಲು ತಲೆಯ ಮೇಲೆ ಟವಲು ಬೇಕು. ಹಲವು ವಿಮಾನಗಳ ನೆನಪಿರುವುದರಲ್ಲೂ ಒಂದು ಅಪಾಯವಿದೆ. ಹಿಂದಿನ ವಾರದ ವಿಮಾನದ ಸೆಟ್ಟಿಂಗಿನಲ್ಲೇ ಈ ವಾರದ್ದನ್ನು ಮೇಲೆ ಬಿಟ್ಟರೆ, ಬಲಕ್ಕೆ ಅಂದದ್ದು ಎಡಕ್ಕಾಗಬಹುದು. ಸ್ಟಿಕ್ಕನ್ನು ಬಲಕ್ಕೆ ತಳ್ಳಿದಾಗ ಬಲರೆಕ್ಕೆಯ ಐಲೆರಾನ್ ಮೇಲೇಳುವುದನ್ನು ನೋಡದೆ ಅನುಭವಿಗಳು ವಿಮಾನ ಬಿಡುವುದಿಲ್ಲ.

ಸ್ಟಿಕ್ಕುಗಳ ಬುಡದಲ್ಲಿ ಕಾಂತದಿಂದ ಸ್ಥಾನ ಅಳೆಯುವ ಹಾಲ್ ಸೆನ್ಸರ್ ಇದ್ದರೆ ಉಜ್ಜಿ ಸವೆಯುವ ಭಾಗವಿಲ್ಲ, ಬಾಳಿಕೆ ಹೆಚ್ಚು. ಸಂಪರ್ಕ ಕಡಿದಾಗ ಥ್ರಾಟಲ್ ತಾನಾಗಿ ಇಳಿಯುವ ಫೇಲ್‌ಸೇಫ್ ಇಲ್ಲದ ರಿಸೀವರನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಮುಟ್ಟಬಾರದು. ಕಡಿವಾಣವಿಲ್ಲದೆ ಪೂರ್ತಿ ವೇಗದಲ್ಲಿ ಹೊರಟ ವಿಮಾನ ಯಾರ ಮನೆಯ ಮೇಲೆ ಇಳಿಯುತ್ತದೋ ಹೇಳಲಾಗದು. ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ ಸಿಮ್ಯುಲೇಟರಿನಲ್ಲಿ ಅಭ್ಯಾಸ ಮಾಡುವ ಅನುಕೂಲ ಇರಲೇಬೇಕು. ವಿಮಾನ ತನ್ನತ್ತ ಬರುವಾಗ ಎಡಬಲ ಅದಲುಬದಲಾಗುವ ಗೊಂದಲವನ್ನು ಯಾವ ಕಂಪನಿಯ ಪೆಟ್ಟಿಗೆಯೂ ಪರಿಹರಿಸಿಲ್ಲ, ಅದಕ್ಕೆ ಪರದೆಯ ಮೇಲೆ ಪುಕ್ಕಟೆಯಾಗಿ ಬೀಳುವುದೊಂದೇ ಮದ್ದು.

ಇನ್ನು ಯಾವ ಕಂಪನಿಯದು ಎಂಬ ಪ್ರಶ್ನೆ. ಅದನ್ನು ಅಂಗಡಿಯಲ್ಲಿ ಕೇಳಬೇಡಿ. ಒಂದು ಭಾನುವಾರ ಬೆಳಿಗ್ಗೆ ಹತ್ತಿರದ ಮೈದಾನಕ್ಕೆ ಹೋಗಿ, ಅಲ್ಲಿ ಹೆಚ್ಚಿನವರ ಕೈಯಲ್ಲಿ ಯಾವುದಿದೆಯೋ ಅದನ್ನೇ, ಅದೇ ಮೋಡಿನಲ್ಲಿ ಕೊಳ್ಳಿ. ಸೆಟ್ಟಿಂಗ್ ಹೇಳಿಕೊಡುವವರೂ ಅವರೇ, ವಿಮಾನ ಬಿದ್ದ ದಿನ ಬಿಡಿ ರಿಸೀವರ್ ಸಾಲ ಕೊಡುವವರೂ ಅವರೇ.