ಡಿಲೀಟ್ ರಾಯರು

ಬಡಾವಣೆಗೊಬ್ಬರು ಡಿಲೀಟ್ ರಾಯರು ಇದ್ದೇ ಇರುತ್ತಾರೆ. ಕೆಲವು ಕಡೆ ಅವರು ಗೌಡರು, ಕೆಲವು ಕಡೆ ಶೆಟ್ಟರು, ಧಾರವಾಡದ ಕಡೆ ಹೋದರೆ ಕಾಕಾ. ಅರವತ್ತು ದಾಟಿದ ವಯಸ್ಸು, ತಪ್ಪದೆ ಬರುವ ಪೆನ್ಷನ್ನು, ಹಣೆಯ ಮೇಲೊಂದು ಕನ್ನಡಕ, ಅದನ್ನೇ ಹುಡುಕುತ್ತಿರುವ ಕೈ. ಯಾರ ಮನೆಗೆ ಹೋದರೂ ಕಾಫಿ ಬರುವ ಮೊದಲೇ ಕೇಳುತ್ತಾರೆ: "ನಿಮ್ಮ ಫೋನಲ್ಲಿ ಎಷ್ಟು ಜಿಬಿ ಖಾಲಿ ಇದೆ?" ಗೊತ್ತಿಲ್ಲ ಅಂದಿರೋ, ಮುಗಿಯಿತು. ಫೋನು ರಾಯರ ಕೈ ಸೇರುತ್ತದೆ, ಕಾಫಿ ಆರಿಹೋಗುತ್ತದೆ. ಅವರು ಎದ್ದು ಹೊರಡುವಾಗ ಫೋನಿನಲ್ಲಿ ನಾಲ್ಕು ಜಿಬಿ ಜಾಗವಾಗಿರುತ್ತದೆ. ಏನೇನು ಹೋಯಿತು ಅನ್ನುವುದು ಮನೆಯವರಿಗೆ ತಿಳಿಯುವುದು ಮುಂದಿನ ಹದಿನೈದು ದಿನಗಳಲ್ಲಿ, ಕಂತು ಕಂತಾಗಿ.

ಮೈಸೂರಿನ ಕುವೆಂಪುನಗರದ ನಮ್ಮ ರಾಯರು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಸರ್ವೀಸು ಮುಗಿಸಿದವರು. ಅಲ್ಲಿ ಎಲ್ಲ ಕೆಂಪು ಬಟ್ಟೆಯ ಗಂಟುಗಳ ಲೋಕ. ಒಂದು ಕಾಗದ ಹೊರಗೆ ಹಾಕಬೇಕಾದರೂ ವರ್ಗ ನೋಡಬೇಕು. 'ಎ' ವರ್ಗದ ಕಡತ ಶಾಶ್ವತ, ಗೆದ್ದಲು ಮಾತ್ರ ಮುಟ್ಟಬಹುದು. ಉಳಿದವಕ್ಕೂ ಅವಧಿ ತುಂಬಬೇಕು, ಪಟ್ಟಿಯಾಗಬೇಕು, ಮೇಲಿನವರ ಮಂಜೂರಾತಿ ಬರಬೇಕು, ಆಮೇಲೆ ನಾಶ. ಹೀಗೆ ಮೂವತ್ತು ಚಿಲ್ಲರೆ ವರ್ಷ ಒಂದು ಹಾಳೆಯನ್ನೂ ತನ್ನಿಷ್ಟಕ್ಕೆ ಹರಿಯಲಾಗದ ಮನುಷ್ಯನ ಕೈಗೆ ರಿಟೈರಾದ ವಾರವೇ ಮಗಳು ಸ್ಮಾರ್ಟ್‌ಫೋನ್ ಕೊಟ್ಟಳು. ಬೆರಳು ಒತ್ತಿ ಹಿಡಿದರೆ ಕಸದ ಬುಟ್ಟಿಯ ಚಿತ್ರ ಬರುತ್ತದೆ. ಟಿಪ್ಪಣಿ ಬೇಡ, ಅನುಮೋದನೆ ಬೇಡ. ಆ ಸುಖ ಸರ್ಕಾರಿ ನೌಕರಿ ಮಾಡದವರಿಗೆ ಹೇಳಿದರೆ ತಿಳಿಯುವಂಥದ್ದಲ್ಲ.

ಹೆಸರು ಅರ್ಥವಾಗದ ಫೈಲು ಕಸ ಎಂಬುದು ರಾಯರ ಸಿದ್ಧಾಂತ. ಹೆಸರಿನ ಮುಂದೆ ಚುಕ್ಕಿಯಿದ್ದರೆ ಕಸವಷ್ಟೇ ಅಲ್ಲ, ಕಳ್ಳ. ಇಲ್ಲದಿದ್ದರೆ ಅಡಗಿ ಕೂರುವ ಅಗತ್ಯವೇನಿತ್ತು? ಕ್ಯಾಮೆರಾದ ಫೋಲ್ಡರಿನ ಹತ್ತಿರ 'ಡಾಟ್ ಥಂಬ್‌ನೇಲ್ಸ್' ಎಂದು ಒಂದಿರುತ್ತದೆ. ಗ್ಯಾಲರಿ ತೆರೆದ ಕೂಡಲೇ ಚಿತ್ರಗಳು ಪುಟ್ಟಪುಟ್ಟದಾಗಿ ಬೇಗ ಕಾಣಲಿ ಎಂದು ಫೋನು ತಾನೇ ಮಾಡಿಟ್ಟುಕೊಂಡ ನಕಲುಗಳು ಅವು. ಅಳಿಸಿದರೆ ನಷ್ಟವಿಲ್ಲ, ಲಾಭವೂ ಇಲ್ಲ, ಗ್ಯಾಲರಿ ತೆರೆದರೆ ಮತ್ತೆ ಹುಟ್ಟುತ್ತವೆ. ರಾಯರು ಬೆಳಗ್ಗೆ ಸಂಧ್ಯಾವಂದನೆ ಮುಗಿಸಿ ಅದನ್ನು ಅಳಿಸುತ್ತಾರೆ, ಸಂಜೆಯ ವಾಕಿಂಗ್ ಹೊತ್ತಿಗೆ ಅದು ವಾಪಸ್ಸು. ಇಬ್ಬರೂ ಇನ್ನೂ ಸೋಲೊಪ್ಪಿಲ್ಲ.

ಪಕ್ಕದ ಮನೆಯ ಹುಡುಗನ ಫೋನಿನಲ್ಲಿ ಸಿಕ್ಕಿದ್ದು 'ಡಾಟ್ ನೋಮೀಡಿಯಾ'. ಗಾತ್ರ ಸೊನ್ನೆ ಬೈಟ್. "ಏನೂ ಇಲ್ಲದ ಫೈಲು ಇಟ್ಕೊಂಡು ಏನಪ್ಪಾ ಮಾಡ್ತೀಯ?" ಎಂದು ಕರುಣೆಯಿಂದಲೇ ಅಳಿಸಿದರು. ಅದು ಇರುವುದೇ ಹಾಗೆ. 'ಈ ಫೋಲ್ಡರಿನ ಚಿತ್ರಗಳನ್ನು ತೋರಿಸಬೇಡ' ಎಂದು ಗ್ಯಾಲರಿಗೆ ಹೇಳುವುದಷ್ಟೇ ಅದರ ಕೆಲಸ, ಒಳಗೆ ಏನೂ ಬರೆದಿರಬೇಕಾಗಿಲ್ಲ. ಅಂದೇ ಸಂಜೆ ಹುಡುಗ ಹೆಣ್ಣಿನ ಕಡೆಯವರಿಗೆ ಗೃಹಪ್ರವೇಶದ ಫೋಟೋ ತೋರಿಸಲು ಕೂತ. ಗಣಹೋಮದ ಚಿತ್ರಗಳ ನಡುನಡುವೆ ಹಾಸ್ಟೆಲ್ ಗೆಳೆಯರ ವಾಟ್ಸಾಪ್ ಸ್ಟಿಕರುಗಳು ಒಂದೊಂದಾಗಿ ಬಂದು ದರ್ಶನ ಕೊಟ್ಟವು. ಸಂಬಂಧ ಮುರಿಯಲಿಲ್ಲ. ಅದು ಹುಡುಗಿಯ ದೊಡ್ಡ ಗುಣ.

ಎದುರು ಮನೆಯ ಟೀಚರಮ್ಮನದು ಇನ್ನೂ ದೊಡ್ಡ ಪ್ರಕರಣ. ಆ್ಯಪಿನ ಸ್ಟೋರೇಜ್ ಪುಟದಲ್ಲಿ 'ಕ್ಲಿಯರ್ ಕ್ಯಾಷ್', 'ಕ್ಲಿಯರ್ ಸ್ಟೋರೇಜ್' ಎಂಬ ಎರಡು ಗುಂಡಿಗಳು ಅಕ್ಕಪಕ್ಕ ಇರುತ್ತವೆ. ಮೊದಲನೆಯದನ್ನು ಒತ್ತಿದರೆ ಹೋಗುವುದು ಆ್ಯಪ್ ತನ್ನ ಅನುಕೂಲಕ್ಕೆ ಕೂಡಿಟ್ಟುಕೊಂಡದ್ದು ಮಾತ್ರ, ಬೇಕಾದರೆ ಮತ್ತೆ ಮಾಡಿಕೊಳ್ಳುತ್ತದೆ. ಎರಡನೆಯದು ಆ್ಯಪನ್ನು ಅಂಗಡಿಯಿಂದ ತಂದ ದಿನಕ್ಕೆ ಮರಳಿಸುತ್ತದೆ. ಲಾಗಿನ್ನು, ಲೆಕ್ಕ, ಮಾತುಕತೆ ಎಲ್ಲವೂ ನೀರುಪಾಲು. ಎರಡರಲ್ಲಿ ಯಾವುದು ಹೆಚ್ಚು ಜಾಗ ಬಿಡಿಸುತ್ತದೋ ಅದನ್ನೇ ಒತ್ತುವುದು ರಾಯರ ನ್ಯಾಯ. ಟೀಚರಮ್ಮ ವಾಟ್ಸಾಪ್ ತೆರೆದರೆ ಅದು ಅವರನ್ನು ಹೊಸಬರೆಂದು ತಿಳಿದು ಸ್ವಾಗತ ಕೋರಿತು. ಪುಣ್ಯಕ್ಕೆ ವಾಟ್ಸಾಪ್ ರಾತ್ರಿ 2 ಗಂಟೆಗೆ ಮಾತುಕತೆಗಳ ಒಂದು ನಕಲನ್ನು ಫೋನಿನಲ್ಲೇ 'ಡೇಟಾಬೇಸಸ್' ಎಂಬ ಫೋಲ್ಡರಿನಲ್ಲಿ ತೆಗೆದಿಡುತ್ತದೆ, ಅದರಿಂದ ಎಲ್ಲವನ್ನೂ ವಾಪಸ್ ತರಿಸಬಹುದು. ಪಾಪಕ್ಕೆ ರಾಯರು ಅಂದೇ ಅದನ್ನೂ ತೆಗೆದುಹಾಕಿದ್ದರು. "ಒಂದೇ ಥರದ ಏಳೆಂಟು ಫೈಲು ಇದ್ವು ಮೇಡಂ, ಡೂಪ್ಲಿಕೇಟು."

ಮನೆಯೊಳಗೂ ರಾಯರದು ಇದೇ ಆಡಳಿತ. ಅವರ ಮನೆಯಾಕೆಯ ಅಕ್ಕ ಸಾಗರದಿಂದ ಹಸೆ ಹಾಡು, ಆರತಿ ಹಾಡುಗಳನ್ನು ಒಂದೊಂದಾಗಿ ಹಾಡಿ ವಾಯ್ಸ್ ಮೆಸೇಜ್ ಕಳಿಸುತ್ತಿದ್ದರು. ಮೊಮ್ಮಗಳ ಮದುವೆಗೆ ಬೇಕಾಗುತ್ತದೆ ಎಂದು ಈಕೆ ಇಟ್ಟುಕೊಂಡಿದ್ದರು. ವಾಟ್ಸಾಪ್ ಇವನ್ನು ಹಾಡಿನ ಹೆಸರಲ್ಲಿ ಇಡುವುದಿಲ್ಲ. 'ಪಿಟಿಟಿ' ಎಂದು ಶುರುವಾಗಿ ತಾರೀಖು, ನಂಬರು ಅಂಟಿಸಿ, ಅಂಕಿಗಳನ್ನೇ ಹೆಸರಾಗಿ ಹೊತ್ತ ವಾರಕ್ಕೊಂದು ಫೋಲ್ಡರಿನಲ್ಲಿ ತುಂಬುತ್ತದೆ.

"ಅಕ್ಕ ಹಾಡಿದ್ದೆಲ್ಲ ಎಲ್ರೀ ಹೋಯ್ತು?"

"ಯಾವುದು? ಪಿಟಿಟಿ ಅಂತ ಇತ್ತಲ್ಲ, ಅದಾ? ಅದೇನೋ ಹಳೇ ಪಿ ಅಂಡ್ ಟಿ ಇಲಾಖೆದು ಅನ್ಕೊಂಡೆ ಕಣೇ."

ಬುಟ್ಟಿಯಲ್ಲಾದರೂ ಇರಬಹುದೇ ಎಂದು ನೋಡಿದರೆ ಬುಟ್ಟಿಯೂ ಖಾಲಿ. ಚಿತ್ರಗಳಿಗಾದರೆ ಗೂಗಲ್ ಫೋಟೋಸ್ ಇದೆ, ಬ್ಯಾಕಪ್ ಆದದ್ದನ್ನು 60 ದಿನ, ಆಗದ್ದನ್ನು 30 ದಿನ ಬುಟ್ಟಿಯಲ್ಲಿ ಇಟ್ಟುಕೊಂಡು ಕಾಯುತ್ತದೆ. ಮನುಷ್ಯ ಆಮೇಲೆ ಕೈಕೈ ಹಿಸುಕಿಕೊಳ್ಳುವ ಪ್ರಾಣಿ ಎಂಬುದು ಅದನ್ನು ಮಾಡಿದವರಿಗೆ ಗೊತ್ತು. ರಾಯರು ಮಾತ್ರ ಅಳಿಸಿದ ಕೈಯಲ್ಲೇ ಬುಟ್ಟಿಯನ್ನೂ ಕೊಡವುವವರು. ಅಂದಿನಿಂದ ಆಕೆಯ ಫೋನಿಗೆ ಬೀಗ ಬಿತ್ತು.

ಹೋದ ದೀಪಾವಳಿಗೆ ಅಳಿಯ ಹೊಸ ಫೋನು ಕೊಡಿಸಿದಾಗ ಎರಡನೆಯ ಬೀಗ ಎದುರಾಯಿತು. ಹಳೆಯದರಲ್ಲಿ 'ಆಂಡ್ರಾಯ್ಡ್' ಎಂಬ ಫೋಲ್ಡರಿನೊಳಗೆ 'ಡೇಟಾ', 'ಒಬಿಬಿ' ಎಂದೆಲ್ಲ ಇದ್ದು, ರಾಯರು ಅಲ್ಲಿ ಹಿತ್ತಲಿನಲ್ಲಿ ಅಡ್ಡಾಡಿದಷ್ಟು ಸಲೀಸಾಗಿ ಓಡಾಡುತ್ತಿದ್ದರು. ಹೊಸದರಲ್ಲಿ 'ಡೇಟಾ' ಮುಟ್ಟಿದರೆ ಖಾಲಿ ಪುಟ. ಬೇರೆ ದಾರಿಯಲ್ಲಿ ಹೋದರೆ, ನಿಮ್ಮ ಖಾಸಗಿತನದ ರಕ್ಷಣೆಗಾಗಿ ಬೇರೆ ಫೋಲ್ಡರ್ ಆರಿಸಿ ಎಂಬ ಸೂಚನೆ. ಅಷ್ಟೇ ಅಲ್ಲ, ಎದುರಿಗೇ ಕಾಣುತ್ತಿದ್ದ ವಾಟ್ಸಾಪ್ ಫೋಲ್ಡರೂ ನಾಪತ್ತೆ. ಕಳುವಾಗಿದೆಯೆಂದೇ ರಾಯರು ನಂಬಿದ್ದರು. ಅದು 'ಆಂಡ್ರಾಯ್ಡ್' ಒಳಗಿನ 'ಮೀಡಿಯಾ'ಕ್ಕೆ ಬಿಡಾರ ಬದಲಿಸಿತ್ತು.

ರಜಕ್ಕೆ ಬಂದಿದ್ದ ಇಂಜಿನಿಯರಿಂಗ್ ಓದುವ ಮೊಮ್ಮಗಳು ಪುಟ್ಟಿಗೆ ದೂರು ಹೋಯಿತು.

"ಫೋನು ನಂದು, ದುಡ್ಡು ನಿಮ್ಮಪ್ಪಂದು. ನನಗೇ ಪ್ರವೇಶ ಇಲ್ಲ ಅಂದ್ರೆ ಏನಮ್ಮ ಅರ್ಥ?"

"ತಾತ, ನಿಮ್ಮ ರೆಕಾರ್ಡ್ ರೂಮಿನೊಳಗೆ ಪಾರ್ಟಿಗಳನ್ನ ಬಿಡ್ತಿದ್ರಾ?"

"ಹೇಗೆ ಬಿಡೋಕಾಗತ್ತೆ? ಜಮೀನು ಅವನದೇ ಇರಬಹುದು. ಗಂಟು ಬಿಚ್ಚೋನು ನಾನು. ಒಬ್ಬನ್ನ ಒಳಗೆ ಬಿಟ್ರೆ ಅವನು ಪಕ್ಕದವನ ಕಾಗದಾನೂ ನೋಡ್ತಾನೆ, ಆಗದವನದ್ದು ಹರಿದೂ ಹಾಕ್ತಾನೆ. ಅರ್ಜಿ ಕೊಡ್ಲಿ, ನಕಲು ಕೊಡ್ತೀನಿ."

"ಇಲ್ಲೂ ಅಷ್ಟೇ."

ರಾಯರು ನಶ್ಯದ ಡಬ್ಬಿ ಹುಡುಕಿದರು.

ಪುಟ್ಟಿ ಹೇಳಿದ್ದಕ್ಕೆ ನನ್ನದೂ ಒಂದು ಮಾತು ಸೇರಿಸುತ್ತೇನೆ. ಆ ಬಾಗಿಲು ಹಾಕಿದ್ದು ರಾಯರ ಕಾಟಕ್ಕಲ್ಲ, ಆ್ಯಪುಗಳ ಕಾಟಕ್ಕೆ. ಮೊದಲೆಲ್ಲ ಒಂದು ಟಾರ್ಚಿನ ಆ್ಯಪು ಸ್ಟೋರೇಜ್ ಅನುಮತಿ ಕೇಳಿ, ನಾವು ಕಣ್ಣುಮುಚ್ಚಿ ಹೂಂ ಅಂದುಬಿಟ್ಟರೆ, ದೀಪ ಹಚ್ಚುವುದರ ಜೊತೆಗೆ ನಮ್ಮ ಫೋಟೋ, ಡೌನ್‌ಲೋಡು, ಬೇರೆ ಆ್ಯಪುಗಳು ಹೊರಗಿಟ್ಟ ಫೈಲು ಎಲ್ಲವನ್ನೂ ಓದಬಹುದಿತ್ತು. 2019ರ ಆಂಡ್ರಾಯ್ಡ್ 10ರಲ್ಲಿ ಈ ಸ್ವೇಚ್ಛೆಗೆ ಕಡಿವಾಣ ಶುರುವಾಯಿತು. 2020ರ ಆಂಡ್ರಾಯ್ಡ್ 11 'ಡೇಟಾ', 'ಒಬಿಬಿ'ಗಳ ಕದವನ್ನು ಬೇರೆ ಆ್ಯಪುಗಳಿಗೆ ಮುಚ್ಚಿತು, ಫೈಲ್ ಮ್ಯಾನೇಜರೂ ಅದರಲ್ಲಿ ಸೇರಿತು. ಪ್ರತಿ ಆ್ಯಪಿಗೂ ತನ್ನ ಕೋಣೆ, ಪಕ್ಕದ ಕೋಣೆಗೆ ಇಣುಕುವಂತಿಲ್ಲ. ಅಲ್ಲಿರುವುದನ್ನು ತೆಗೆಯಬೇಕೆಂದರೆ ಆ್ಯಪಿನ ಸೆಟ್ಟಿಂಗ್ಸ್ ಮೂಲಕ ಕೇಳಬೇಕು, ಇಲ್ಲವೇ ಆ್ಯಪನ್ನೇ ಅನ್‌ಇನ್‌ಸ್ಟಾಲ್ ಮಾಡಬೇಕು. ಆಗ ಅದು ಗಂಟುಮೂಟೆ ಸಮೇತ ಹೋಗುತ್ತದೆ. ಇದಕ್ಕೂ ಕೆಳಗೆ, ಫೋನು ಎದ್ದು ನಿಲ್ಲಲು ಬೇಕಾದ ಸಿಸ್ಟಮ್ ಭಾಗವಿದೆ, ಅದನ್ನು ಓದಲಷ್ಟೇ ಬರುತ್ತದೆ. 'ರೂಟ್' ಮಾಡಿ ನುಗ್ಗುವವರಿದ್ದಾರೆ, ಆದರೆ ಹಾಗೆ ನುಗ್ಗಿದ ಫೋನಿನಲ್ಲಿ ಎಷ್ಟೋ ಬ್ಯಾಂಕ್ ಆ್ಯಪುಗಳು ತೆರೆಯುವುದೇ ಇಲ್ಲ. ರೂಟ್ ಮಾಡುವ ವಿಡಿಯೋ ರಾಯರ ಕಣ್ಣಿಗೂ ಬಿದ್ದಿತ್ತು. ಪೆನ್ಷನ್ ಜಮೆಯಾದ ಮೆಸೇಜು ಅದೇ ಫೋನಿಗೆ ಬರುವುದು ನೆನಪಾಗಿ ಕೈಬಿಟ್ಟರು.

ಆದರೆ ಸಂಶಯ ಹೋಗಲಿಲ್ಲ. ಬೀಗ ಹಾಕಿದ ಕೋಣೆಯಲ್ಲೇ ಜಿಬಿ ಸೋರಿಹೋಗುತ್ತಿದೆ ಎಂಬುದು ಅವರ ದೃಢವಾದ ನಂಬಿಕೆ. ಅವರದೊಂದು ಹಳೆಯ ಅರ್ಜಿಯೂ ಇದೆ: 'ವಿಷಯ: ದಾಸ್ತಾನಿನಲ್ಲಿ ವ್ಯತ್ಯಾಸ ಕಂಡುಬಂದಿರುವ ಬಗ್ಗೆ.' ಡಬ್ಬಿಯ ಮೇಲೆ 64 ಜಿಬಿ ಎಂದು ಬರೆದವರು ಸಾವಿರದ ಲೆಕ್ಕದಲ್ಲಿ ಎಣಿಸಿದ್ದು, 1024ರ ಲೆಕ್ಕದಲ್ಲಿ ಅದೇ 59.6 ಆಗುತ್ತದೆ. ಅದರಲ್ಲೂ ಹತ್ತು ಹದಿನೈದು ಜಿಬಿಯನ್ನು ಸಿಸ್ಟಮ್ ತನ್ನ ಪಾಲೆಂದು ಮುರಿದುಕೊಳ್ಳುತ್ತದೆ. ರಾಯರ ಭಾಷೆಯಲ್ಲಿ ಇದು ದುರ್ವಿನಿಯೋಗ. ಕಂಪನಿಯವರ ಉತ್ತರ ಬಂದಿತ್ತು: ದಯವಿಟ್ಟು ಒಮ್ಮೆ ಫೋನ್ ಆಫ್ ಮಾಡಿ ಆನ್ ಮಾಡಿ.

ಈ ನಡುವೆ ಒಂದು ಕ್ಲೀನರ್ ಆ್ಯಪನ್ನೂ ಹಾಕಿಸಿಕೊಂಡಿದ್ದರು. ರಾಕೆಟ್ಟು ಹಾರುವ ಚಿತ್ರ ತೋರಿಸಿ, 'ನಿಮ್ಮ ಫೋನು ಅಪಾಯದಲ್ಲಿದೆ' ಎಂದು ಹೆದರಿಸಿ, ನಡುವೆ ನಾಲ್ಕು ಜಾಹೀರಾತು ತುರುಕುವ ಜಾತಿಯದು. ಅದೇ ಮುನ್ನೂರು ಎಂಬಿ ತಿಂದು ಕೂತಿದ್ದನ್ನು ಪುಟ್ಟಿ ತೋರಿಸಿದಾಗ ರಾಯರು ಮಾತು ಬದಲಿಸಿದರು.

ಅವಳು ವಾಟ್ಸಾಪ್ ಸೆಟ್ಟಿಂಗ್ಸಿನಲ್ಲಿ ಸ್ಟೋರೇಜ್, ಅದರೊಳಗೆ 'ಮ್ಯಾನೇಜ್ ಸ್ಟೋರೇಜ್' ತೆರೆದಳು. ಮೇಲೆ ಎರಡು ಡಬ್ಬಗಳು, ಒಂದು ಬಹಳ ಸಲ ಫಾರ್ವರ್ಡ್ ಆದದ್ದು, ಇನ್ನೊಂದು 5 ಎಂಬಿಗಿಂತ ದೊಡ್ಡದು. ಕೆಳಗೆ ಯಾವ ಗುಂಪು ಎಷ್ಟು ತಿಂದಿದೆ ಎಂಬ ಪಟ್ಟಿ. ಮೊದಲ ಸ್ಥಾನದಲ್ಲಿ ಪಾರ್ಕಿನ ವಾಕಿಂಗ್ ಬಳಗ, 11 ಜಿಬಿ. ಉದಯಸೂರ್ಯ, ಗುಲಾಬಿ, ಇಬ್ಬನಿ, ವಾರಕ್ಕೊಂದು ದೇವರು. 2018ರ ಜನವರಿಯಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಇದನ್ನೇ ಬರೆದಿತ್ತು. ಭಾರತದ ಫೋನುಗಳು ಯಾಕೆ ಹೀಗೆ ಕಟ್ಟಿಕೊಳ್ಳುತ್ತಿವೆ ಎಂದು ಗೂಗಲ್‌ನವರು ಬೇರು ಹುಡುಕಿದರೆ ಸಿಕ್ಕಿದ್ದು ಗುಡ್ ಮಾರ್ನಿಂಗು. ಅದಕ್ಕೆ ಮುಂಚೆ, 2017ರ ಡಿಸೆಂಬರಿನಲ್ಲಿ ಅವರು ಬಿಟ್ಟ ಫೈಲ್ಸ್ ಗೋ ಆ್ಯಪಿಗೆ ಇಂಥ ಶುಭೋದಯಗಳನ್ನು ಗುರುತುಹಿಡಿದು ಹೆಕ್ಕಿ ಕೊಡುವ ವಿದ್ಯೆಯನ್ನೂ ಕಲಿಸಿದರು.

"ಬೀಗದ ಕೋಣೇಲಿ ಏನಿಲ್ಲ ತಾತ. ಎಲ್ಲಾ ಇಲ್ಲಿದೆ. ಇದರಲ್ಲಿ ಅರ್ಧ ನೀವೇ ಕಳಿಸಿರೋದು."

ಡೌನ್‌ಲೋಡ್ ಫೋಲ್ಡರಿನಲ್ಲಿ ಇನ್ನೊಂದು ಸಂತತಿ ಬೆಳೆದಿತ್ತು. ಆಧಾರ್ ಪಿಡಿಎಫ್ ಬೇಕಾದಾಗಲೆಲ್ಲ ಹೊಸದಾಗಿ ಇಳಿಸಿಕೊಂಡು, ಹೆಸರಿನ ಪಕ್ಕ ಬ್ರಾಕೆಟ್ಟಿನಲ್ಲಿ ಒಂದು, ಎರಡು, ಮೂರು ಎಂದು ಹದಿನಾಲ್ಕರವರೆಗೆ. ಒಂದೂ ತೆರೆದಿರಲಿಲ್ಲ. ಪಾಸ್‌ವರ್ಡು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ ಎಂಬುದು ರಾಯರಿಗೆ ಗೊತ್ತಿತ್ತು. ಹುಟ್ಟಿದ ವರ್ಷ ಶಾಲೆಯ ದಾಖಲೆಯಲ್ಲೊಂದು, ಜಾತಕದಲ್ಲೊಂದು.

ಇಷ್ಟಾದ ಮೇಲೆ ಪುಟ್ಟಿ 'ಸೆಲೆಕ್ಟ್ ಆಲ್' ಒತ್ತಲು ಬೆರಳು ಎತ್ತಿದಳು. ಊರವರ ಫೋನೆಲ್ಲ ಗುಡಿಸಿ ಬಂದಿದ್ದ ಕೈ ಫಕ್ಕನೆ ಅವಳ ಮಣಿಕಟ್ಟು ಹಿಡಿಯಿತು.

"ತಡಿ. ವರ್ಗ ನೋಡಬೇಕು."

ಈಗ ರಾಯರ ಮನೆಯಲ್ಲಿ ಇನ್ನೂರು ಪುಟದ ಉದ್ದ ನೋಟ್‌ಬುಕ್ ಒಂದಿದೆ. ಮೇಲೆ ಮುತ್ತಿನಂಥ ಅಕ್ಷರದಲ್ಲಿ 'ವಿಲೇವಾರಿ ರಿಜಿಸ್ಟರ್'. ಕ್ರಮ ಸಂಖ್ಯೆ, ಚಿತ್ರದ ವಿವರ, ಕಳಿಸಿದವರು, ಗಾತ್ರ, ವರ್ಗ, ಷರಾ. ಮೊದಲ ಮಧ್ಯಾಹ್ನ ವಿಚಾರಣೆಗೆ ಬಂದ ಚಿತ್ರಗಳಲ್ಲಿ ಬಹುಪಾಲು 'ಎ' ವರ್ಗಕ್ಕೆ ಹೋದವು. ಕಳಿಸಿದವರು ಕಾಲವಾಗಿದ್ದರೆ ಎ. ದೇವರಿದ್ದರೆ ಎ. ರಾಯರೇ ಕಳಿಸಿದ್ದರೆ ವಿಚಾರಣೆಯಿಲ್ಲದೆ ಎ. ನಾಶಕ್ಕೆ ಅರ್ಹವೆಂದು ತೀರ್ಮಾನವಾದದ್ದು ಮಸುಕಾದ ಒಂದು ಗುಲಾಬಿ, 86 ಕೆಬಿ. ಪುಟ್ಟಿ ಸಾಕ್ಷಿಯಾಗಿ ಸಹಿ ಹಾಕಿ ಡಿಲೀಟ್ ಒತ್ತಲು ಹೋದರೆ ಮತ್ತೆ ತಡೆ. ಮೇಲಧಿಕಾರಿಯ ಮಂಜೂರಾತಿ ಆಗಿಲ್ಲ.

ರಾಯರು ಅಡುಗೆಮನೆಯ ಬಾಗಿಲಿಗೆ ಹೋದರು.

"ಒಂದು ಗುಲಾಬಿ ತೆಗೀಬೇಕು ಕಣೇ."

"ಒಂದ್ಯಾಕೆ, ಎಲ್ಲಾ ತೆಗೀರಿ," ಅಂದರು ಆಕೆ, ಒಗ್ಗರಣೆಯಿಂದ ಕಣ್ಣು ಎತ್ತದೆ.

"ಮಾತಲ್ಲಿ ಹೇಳಿದ್ರೆ ಆಗಲ್ಲ. ಆದೇಶ ಕಡತದಲ್ಲಿ ಇರಬೇಕು."

ಆಕೆ ಸೌಟು ಕೆಳಗಿಟ್ಟು ತಮ್ಮ ಫೋನಿನ ಬೀಗ ತೆಗೆದು, ಅದನ್ನು ಬಾಯಿಯ ಹತ್ತಿರ ಹಿಡಿದು ಏನೋ ಹೇಳಿ ಕಳಿಸಿದರು. ಹಾಲಿನಲ್ಲಿದ್ದ ರಾಯರ ಫೋನು ಟಿಂಗ್ ಅಂದಿತು. ಹದಿನೆಂಟು ಸೆಕೆಂಡಿನ ವಾಯ್ಸ್ ಮೆಸೇಜು. ರಾಯರು ಫೈಲಿನ ಹೆಸರು ಹುಡುಕಿ ತೆಗೆದು, ರಿಜಿಸ್ಟರಿನ ಮುಂದಿನ ಸಾಲಿನಲ್ಲಿ 'ಪಿಟಿಟಿ' ಎಂದು ಬರೆದು, ವರ್ಗದ ಕಲಮಿನ ಮೇಲೆ ಪೆನ್ನು ಹಿಡಿದು ಕೂತರು.

"ಎ ಅಂತಲೇ ಬರೀರಿ," ಒಳಗಿನಿಂದ ಕೂಗು ಬಂತು.