ಬನ್ನೂರಿನಲ್ಲೊಬ್ಬಳು ಡಯಟೀಷಿಯನ್

ಬನ್ನೂರಿನವರು ಅನ್ನಿಸಿಕೊಂಡರೆ ಒಂದು ಅನುಕೂಲವುಂಟು. ರೈಲಿನಲ್ಲೋ ಮದುವೆ ಮನೆಯಲ್ಲೋ ಊರಿನ ಹೆಸರು ಹೇಳಿದ ತಕ್ಷಣ ಎದುರಿಗಿರುವವರ ಮುಖ ಅರಳುತ್ತದೆ. ನಮ್ಮನ್ನು ಕಂಡಲ್ಲ, ನಮ್ಮೂರ ಕುರಿಯನ್ನು ನೆನೆದು. ಗಿಡ್ಡ ಕಾಲು, ದುಂಡು ಮೈಯ ಈ ಕುರಿಗೆ ಸರ್ಕಾರಿ ದಾಖಲೆಯಲ್ಲಿ ಮಂಡ್ಯ ತಳಿ ಎಂದು ಹೆಸರು. ಮಳವಳ್ಳಿ ಕಡೆಯ ಬಂಡೂರಿನವರು ಅದು ತಮ್ಮದೇ ಅನ್ನುತ್ತಾರೆ. ನಾವಂತೂ ಬಿಟ್ಟುಕೊಡುವವರಲ್ಲ. ಈ ಜಗಳದಿಂದ ಕುರಿಗೇನೂ ಲಾಭವಾಗಿಲ್ಲ. ಅದರ ಮಾಂಸದ ಎಳೆಗಳ ನಡುವೆಯೇ ಕೊಬ್ಬು ಹರಡಿಕೊಂಡಿರುವುದರಿಂದ ಬಾಯಿಗಿಟ್ಟರೆ ಕರಗುತ್ತದೆ ಎಂಬುದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ. ಇಂಥ ಊರಿನಲ್ಲಿ ಹುಟ್ಟಿದ ನನ್ನ ತಂಗಿಯ ಮಗಳು, ಕೊಬ್ಬು ಕಡಿಮೆ ತಿನ್ನಿ ಎಂದು ಜನರಿಗೆ ಹೇಳುವ ಉದ್ಯೋಗವನ್ನೇ ಆರಿಸಿಕೊಂಡಳು. ಹೆಂಡದಂಗಡಿಯ ಜಗಲಿ ಹತ್ತಿ ಪಾನನಿರೋಧದ ಭಾಷಣ ಮಾಡಿದ ಹಾಗೆ.

ಮಾನಸಗಂಗೋತ್ರಿಯಲ್ಲಿ ಆಹಾರ ವಿಜ್ಞಾನ ಮತ್ತು ಪೌಷ್ಟಿಕತೆಯ ಎಂ.ಎಸ್ಸಿ.ಗೆ ಸೀಟು ಸಿಕ್ಕಿತು ಎಂಬ ಸುದ್ದಿ ಬೀದಿಯಲ್ಲಿ ಹರಡಿದಾಗ ಅದು ಒಬ್ಬೊಬ್ಬರಿಗೆ ಒಂದೊಂದು ಥರ ಕೇಳಿಸಿತು. ಹಿಂದಿನ ಮನೆಯವರು ಅದನ್ನು ಕೇಟರಿಂಗ್ ಕೋರ್ಸು ಎಂದುಕೊಂಡು, ಮಗನ ಬೀಗರೂಟಕ್ಕೆ ಐನೂರು ಎಲೆಗೆ ರೇಟು ಎಷ್ಟಾಗಬಹುದು ಎಂದು ವಿಚಾರಿಸಿದರು. ಅವಳ ಸಿಲಬಸ್ಸಿನಲ್ಲಿ ಮೊದಲಿಗೆ ಅನ್ನವೂ ಇರಲಿಲ್ಲ, ಸಾರೂ ಇರಲಿಲ್ಲ. ಬಯೋಕೆಮಿಸ್ಟ್ರಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಸ್ಟಾಟಿಸ್ಟಿಕ್ಸು. ಡಿಗ್ರಿ ಮುಗಿಸಿದರೂ ಸಾಲದು, ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇಂಟರ್ನ್‌ಶಿಪ್ ಮಾಡಬೇಕು. ಆಮೇಲೆ 1963ರಲ್ಲಿ ಹುಟ್ಟಿದ ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ ನಡೆಸುವ ಪರೀಕ್ಷೆ ಪಾಸು ಮಾಡಿದರೆ ಹೆಸರಿನ ಮುಂದೆ ಆರ್.ಡಿ., ಅಂದರೆ ರಿಜಿಸ್ಟರ್ಡ್ ಡಯಟೀಷಿಯನ್. ಇದನ್ನೆಲ್ಲ ಕೂತು ಕೇಳಿದ ನಮ್ಮ ತಾಯಿ, "ಅಲ್ಲಾ ಕಣ್ ಮಗಾ, ಇಷ್ಟೆಲ್ಲಾ ಓದೋ ಹೊತ್ಗೆ ನೀನೇ ಸೊರಗೋಗ್ತೀಯಲ್ಲ" ಅಂದರು.

ಮೊದಲ ಪ್ರಯೋಗ ಆ ತಾಯಿಯ ಮೇಲೆಯೇ ನಡೆಯಿತು. ನಿನ್ನೆ ಬೆಳಗಿನಿಂದ ಇವತ್ತು ಬೆಳಗಿನವರೆಗೆ ತಿಂದಿದ್ದು ಕುಡಿದಿದ್ದನ್ನೆಲ್ಲ ಹೇಳಿಸಿ ಬರೆದುಕೊಳ್ಳುವ ಪದ್ಧತಿಗೆ ಡಯಟೀಷಿಯನ್ನರು ಟ್ವೆಂಟಿ ಫೋರ್ ಅವರ್ ರೀಕಾಲ್ ಅನ್ನುತ್ತಾರೆ. ಹುಡುಗಿ ಅಳತೆ ಬಟ್ಟಲು, ಚಮಚಗಳನ್ನು ಸಾಲಾಗಿಟ್ಟುಕೊಂಡು ಕೂತಳು.

"ಅಜ್ಜಿ, ನೆನ್ನೆ ಏನೇನು ತಿಂದೆ?"

"ಏನ್ ತಿಂತೀನ್ ಮಗಾ ಈ ವಯಸ್ಸಲ್ಲಿ. ಒಂದ್ ತುತ್ತು ಹಿಟ್ಟು, ಒಂಚೂರು ಸಾರು."

ಆ ಒಂದು ತುತ್ತು ಹಿಟ್ಟನ್ನು ಮಧ್ಯಾಹ್ನ ತಕ್ಕಡಿಗಿಟ್ಟರೆ ಮುನ್ನೂರು ಗ್ರಾಂ ದಾಟಿತು. ಮುದ್ದೆಯ ತೂಕ ಗೊತ್ತಾದರೆ ಮುಗಿಯಲಿಲ್ಲ. ಅದರಲ್ಲಿ ನೀರೆಷ್ಟು, ರಾಗಿ ಹಿಟ್ಟೆಷ್ಟು ಎಂದು ಬಿಡಿಸಬೇಕು. ಎಸರಿಗೆ ಎಷ್ಟು ಹಿಟ್ಟು ಹಾಕಿದೆ ಅಂದರೆ "ಹಿಡಿಯೋಷ್ಟು" ಅನ್ನುವ ಉತ್ತರ. ಕೊನೆಗೆ ಡಬ್ಬವನ್ನೇ ಅಡುಗೆಗೆ ಮೊದಲೊಮ್ಮೆ, ಆಮೇಲೊಮ್ಮೆ ತೂಗಿ, ಕೋಲಿಗೆ ಅಂಟಿದ್ದನ್ನೂ ಪಾತ್ರೆಯ ತಳದ ಸೀಕನ್ನೂ ಕಳೆದು, ಅವಳು ಲೆಕ್ಕ ಹಿಡಿದಳು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಅಷ್ಟೇ ಅಕ್ಕಿಯಲ್ಲಿ 10ರ ಆಸುಪಾಸು. ನಾಲೆ ನೀರು, ಭತ್ತದ ಗದ್ದೆ ಎಂದು ಬೀಗುವ ನಮಗೆ ಈ ಲೆಕ್ಕ ಅಷ್ಟಾಗಿ ಹಿಡಿಸಲಿಲ್ಲ. ಅಮ್ಮ ಮಾತ್ರ ಇದೆಲ್ಲ ಮೊದಲೇ ಗೊತ್ತಿತ್ತು ಎಂಬ ಗತ್ತಿನಲ್ಲಿ ಇನ್ನರ್ಧ ಮುದ್ದೆ ಮುರಿದುಕೊಂಡರು.

ಈ ಅಂಕಿಗಳ ಹಿಂದೆ ಒಂದು ದೊಡ್ಡ ಕಥೆಯೇ ಇದೆ ಎಂದು ಅವಳಿಂದಲೇ ತಿಳಿಯಿತು. 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ಮೂಲ ಹುಡುಕಲು ಕೂನೂರಿನಲ್ಲಿ ಒಂದೇ ಕೋಣೆಯ ಪ್ರಯೋಗಾಲಯ ತೆರೆದರು. ಅಕ್ಕಿಯನ್ನು ಬೆಳ್ಳಗೆ ಪಾಲಿಶ್ ಮಾಡಿದಾಗ ತೌಡಿನ ಜೊತೆ ಹೊರಟುಹೋಗುವ ಥಯಾಮಿನ್ನಿನ ಕೊರತೆಯೇ ಆ ರೋಗಕ್ಕೆ ಕಾರಣ. ಆ ಕೋಣೆಯೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಗಿ, ಈಗ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ನಮ್ಮ ತಟ್ಟೆಯಲ್ಲಿ ಏನೆಷ್ಟಿರಬೇಕು ಎಂದು ಹೇಳುವವರು ಅಲ್ಲಿಯವರೇ. ತೌಡನ್ನು ದನಕ್ಕೆ ಹಾಕಿ ಬಿಳಿ ಅನ್ನ ಉಣ್ಣುವ ನಮ್ಮ ಮನೆಗಳಲ್ಲಿ ಹಸುಗಳು ಗಟ್ಟಿಮುಟ್ಟಾಗಿರುವುದರ ಗುಟ್ಟು ಆಗ ಹೊಳೆಯಿತು.

ದಿನಕ್ಕೆ ತಲೆಗೆ ಐದು ಗ್ರಾಂ ಉಪ್ಪು ಸಾಕು ಎಂಬ ನಿಯಮ ಬಂದಾಗ ಮನೆಯಲ್ಲಿ ಗದ್ದಲವೇ ಆಯಿತು. ಉಪ್ಸಾರಿನ ನಾಡಿನಲ್ಲಿ ಈ ಮಾತನ್ನು ಗಟ್ಟಿಯಾಗಿ ಆಡುವಂತಿಲ್ಲ. ಯಾರು ಎಷ್ಟು ಉಪ್ಪು ತಿಂದಿರಿ ಎಂದು ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೆ ಡಯಟೀಷಿಯನ್ನರದೊಂದು ಉಪಾಯ: ಒಂದು ಕೇಜಿ ಪ್ಯಾಕೆಟ್ ಒಡೆದ ತಾರೀಕು, ಮುಗಿದ ತಾರೀಕು, ಉಣ್ಣುವ ತಲೆಗಳು. ಐದು ಜನಕ್ಕೆ ಅದು ನಲವತ್ತು ದಿನ ಬರಬೇಕು. ನಮ್ಮ ಮನೆಯಲ್ಲಿ ತಿಂಗಳೂ ಬರಲಿಲ್ಲ. ಉಪ್ಪಿನಕಾಯಿ ಜಾಡಿಗೆ ಹೋಯಿತು, ಬಂದ ನೆಂಟರಿಗೆ ಹೋಯಿತು, ಪಕ್ಕದ ಮನೆಯವರು ಕಡ ಒಯ್ದರು ಎಂದು ಅಮ್ಮ ಒಂದೊಂದಾಗಿ ಜಮಾ ಖರ್ಚು ಒಪ್ಪಿಸಿದರು. ಅಂತೂ ನಮ್ಮ ಬಿ.ಪಿ.ಗೆ ಯಾರೂ ಜವಾಬ್ದಾರರಲ್ಲ ಎಂದು ಇತ್ಯರ್ಥವಾಯಿತು.

ಈ ರೀಕಾಲ್ ವಿದ್ಯೆಯನ್ನು ಅವಳಿಗೆ ಸರಿಯಾಗಿ ಕಲಿಸಿದವರು ಪ್ರೊಫೆಸರುಗಳಲ್ಲ, ನಮ್ಮ ಬೀದಿಯ ಅಂಗನವಾಡಿ ಟೀಚರ್. ಪೋಷಣೆಯ ವಿಷಯದಲ್ಲಿ ನಮ್ಮ ತಾಲ್ಲೂಕು ಸಾಮಾನ್ಯದ್ದಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಐ.ಸಿ.ಡಿ.ಎಸ್. ಎಂಬ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಪ್ರಯೋಗವಾಗಿ ಶುರು ಮಾಡಿದಾಗ ಕರ್ನಾಟಕದಲ್ಲಿ ಆರಿಸಿದ್ದು ಟಿ. ನರಸೀಪುರವನ್ನೇ. 100 ಅಂಗನವಾಡಿಗಳಿಂದ ಆರಂಭ. ಅಲ್ಲಿಂದೀಚೆಗೆ ಇಲ್ಲಿ ಹುಟ್ಟಿದ ಮಕ್ಕಳೆಲ್ಲ ಒಂದಲ್ಲ ಒಂದು ದಿನ ಆ ತೂಗುತಕ್ಕಡಿಯ ಚಡ್ಡಿಯಲ್ಲಿ ಜೋತಾಡಿ ಕಿರುಚಿದವರೇ. ಮಗು ಒದೆಯುತ್ತದೆ, ಮುಳ್ಳು ಕುಣಿಯುತ್ತದೆ, ಕಾಲು ಹಿಡಿಯಲು ಬಂದ ತಾಯಿಯ ಕೈಯನ್ನು ಟೀಚರ್ ಮೆಲ್ಲಗೆ ಸರಿಸುತ್ತಾರೆ. ಮುಳ್ಳು ನಿಂತಾಗ ಕಾರ್ಡಿನಲ್ಲಿ ಒಂದು ಚುಕ್ಕಿ ಬೀಳುತ್ತದೆ. ಚುಕ್ಕಿ ಹೋದ ತಿಂಗಳಿಗಿಂತ ಕೆಳಗಿದ್ದರೆ ಟೀಚರ್ ಏನು ತಿನ್ನಿಸಿದೆ ಎಂದು ಕೇಳುವುದಿಲ್ಲ. "ಮನೆಗೆ ಯಾರ್ ಬಂದಿದ್ರವ್ವ? ಯಾವ ಊರ್ಗೋಗಿದ್ದೆ?" ಅನ್ನುತ್ತಾರೆ. ತವರಿಗೆ ಹೋದದ್ದು, ಅಲ್ಲಿ ನೀರು ಒಗ್ಗದೆ ಮಗುವಿಗೆ ಭೇದಿಯಾದದ್ದು, ಹಾಲಿನ ಬದಲು ಬಿಸ್ಕತ್ತು ನೆಕ್ಕಿಸಿದ್ದು, ಎಲ್ಲ ತಾನಾಗಿ ಹೊರಗೆ ಬರುತ್ತದೆ.

ಇದನ್ನು ನೋಡಿಬಂದ ಹುಡುಗಿ ಅಜ್ಜಿಯ ಮುಂದೆ ಬಟ್ಟಲುಗಳನ್ನು ಜೋಡಿಸುವುದು ಬಿಟ್ಟಳು. "ನೆನ್ನೆ ಯಾರ್ ಬಂದಿದ್ರಜ್ಜಿ?" ಎಂದದ್ದೇ ತಡ, ಸೋಸಲೆಯ ಅತ್ತಿಗೆ, ಅತ್ತಿಗೆ ತಂದ ಕಜ್ಜಾಯ, ಅವರಿಗೆ ಜೊತೆ ಕೊಡಲು ಕುಡಿದ ಮೂರನೇ ಕಾಫಿ, ಮಾತಿನ ಮಧ್ಯೆ ಕೈಗೆ ಬಂದ ಕಡಲೆಪುರಿ ಎಲ್ಲ ಹೊರಬಿದ್ದವು. ಕ್ಯಾಲೊರಿ ಲೆಕ್ಕ ಹೆಚ್ಚೂಕಮ್ಮಿ ದುಪ್ಪಟ್ಟಾಯಿತು. ಅಮ್ಮ ಸುಳ್ಳು ಹೇಳಿರಲಿಲ್ಲ. ನೆಂಟರ ಜೊತೆ ತಿಂದದ್ದು ಊಟವಲ್ಲ, ಮರ್ಯಾದೆ. ಅದನ್ನು ತಟ್ಟೆಯ ಲೆಕ್ಕಕ್ಕೆ ಸೇರಿಸುವ ವಾಡಿಕೆ ನಮ್ಮಲ್ಲಿಲ್ಲ.

ಓದು ಮುಗಿದ ಮೇಲೆ ಇಂಥ ಹುಡುಗಿಯರಿಗೆ ದಾರಿಗಳು ಹಲವು. ಆಸ್ಪತ್ರೆ, ಜಿಮ್ಮು, ಆಹಾರ ಕಂಪನಿ. ಸಂಶೋಧನೆಯ ಹುಚ್ಚಿದ್ದರೆ 1950ರಿಂದ ಮೈಸೂರಿನ ಚೆಲುವಾಂಬ ವಿಲಾಸದಲ್ಲಿರುವ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ. ಇದೆ. ನಮ್ಮವಳು ಆಸ್ಪತ್ರೆಯ ಕಡೆ ನಡೆದಳು. ಇಂಟರ್ನ್‌ಶಿಪ್ಪಿನಲ್ಲಿ ಅವಳ ವಾರ್ಡಿನಲ್ಲಿ ಸಕ್ಕರೆ ಕಾಯಿಲೆಯ ಯಜಮಾನರೊಬ್ಬರು ಸಿಕ್ಕರು. ಡಯಟ್ ಚಾರ್ಟು ಕರಾರುವಾಕ್ಕಾಗಿತ್ತು, ಅಡುಗೆಮನೆಯಿಂದ ಹೋಗುತ್ತಿದ್ದ ತಟ್ಟೆಯೂ ಸರಿಯಾಗಿತ್ತು, ಆದರೂ ಬೆಳಗಿನ ಶುಗರ್ ಇಳಿಯುತ್ತಿರಲಿಲ್ಲ. ಇವಳು ಮಂಚದ ಪಕ್ಕ ಸ್ಟೂಲು ಎಳೆದು ಕೂತು, ನೆನ್ನೆ ಸಂಜೆ ನೋಡಲು ಯಾರು ಬಂದಿದ್ದರು ಎಂದು ಕೇಳಿದಳು. ಬೀಗರು, ನಂಜನಗೂಡಿನವರು. ಬರಿಗೈಯಲ್ಲಿ ಬರುತ್ತಾರೆಯೇ?

ಮಂಚದ ಕೆಳಗಿನ ಚೀಲದಲ್ಲಿ ರಸಬಾಳೆ ಚಿಪ್ಪು ಇತ್ತು. ಸೊರಗು ರೋಗಕ್ಕೆ ತೋಟಗಳು ಹಾಳಾಗಿ, ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕರೂ ಹಣ್ಣು ಮಾತ್ರ ಸುಲಭಕ್ಕೆ ಸಿಗದ ಕಾಲದಲ್ಲಿ, ಹುಡುಕಿ ತಂದ ಅಪ್ಪಟ ರಸಬಾಳೆ. ಬೇಡ ಅಂದರೆ ರಾತ್ರಿ ದೀಪ ಆರಿಸಿದ ಮೇಲೆ ಅದು ಖಾಲಿಯಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮಧ್ಯಾಹ್ನದ ಅನ್ನ ಒಂದಿಷ್ಟು ಕಡಿಮೆ ಮಾಡಿ, ನಾಲ್ಕು ಗಂಟೆಗೆ ಅರ್ಧ ಹಣ್ಣು ಎಂದು ಚಾರ್ಟಿನಲ್ಲೇ ಬರೆದುಕೊಟ್ಟಳು. ಯಜಮಾನರು ಅದನ್ನು ಎರಡು ಸಲ ಓದಿಸಿಕೊಂಡು, "ಹಂಗಾರೆ ಉಳಿದರ್ಧ ನೀವ್ ತಕಳಿ ತಾಯಿ, ಹಾಳಾಗಬಾರ್ದು" ಅಂದರಂತೆ. ತೆಗೆದುಕೊಂಡೆಯಾ ಎಂದು ನಾನು ಕೇಳಿದೆ.

"ಮತ್ತೆ ಬಿಡ್ತಾರಾ ಮಾವ?" ಅಂದಳು, ಬನ್ನೂರಿನ ಡಯಟೀಷಿಯನ್. "ಅದ್ನೂ ನನ್ನ ರೀಕಾಲಲ್ಲಿ ಬರ್ಕೊಂಡಿದೀನಿ."